ಗುಡ್ಡದ ಸೈಕಲ್ ಸವಾರಿಯ ಮರುಮಂಜೂರಾತಿ ಹಾಗೂ ತತ್ಸಂಬಂಧಿ ಕೆಸರಿನ ಬಗ್ಗೆ

ಗೃಹ ಇಲಾಖೆ
(ಗೃಹ ಎಂದರೆ ಮನೆ. ಪೊಲೀಸು, ಲಾಠಿ ಇತ್ಯಾದಿ ಬೇಕಾದವರು ಬೇರೆ ಕಚೇರಿಯನ್ನು ಸಂಪರ್ಕಿಸತಕ್ಕದ್ದು)

ಸಂಖ್ಯೆ: ಗೃಇ/ಸೈಕಲ್/ಕೆಸರು/ತಿದ್ದುಪಡಿ
ದಿನಾಂಕ: ಎಲೆ ಉದುರುವ ಕಾಲದ ಕೊನೆಯ ಭಾನುವಾರ, ತಿಂಡಿಗೆ ಮುಂಚೆ

ವಿಷಯ: ಗುಡ್ಡದ ದಾರಿಯಲ್ಲಿ ಮೌಂಟನ್ ಬೈಕ್ ಸವಾರಿಯ ಮೇಲಿನ ನಿಷೇಧವನ್ನು ಹಿಂಪಡೆದು ಷರತ್ತುಬದ್ಧ ಅನುಮತಿ ನೀಡುವ ಕುರಿತು.

ಉಲ್ಲೇಖ: 1) ಫ್ರಿಜ್ ಬಾಗಿಲಿಗೆ ಅಂಟಿಸಲಾಗಿದ್ದ ಈ ಇಲಾಖೆಯ ಹಿಂದಿನ ನಿಷೇಧಾಜ್ಞೆ.
2) ಅತ್ತೆಯವರ ಮೌಖಿಕ ಆಕ್ಷೇಪಣೆ, ಅಡುಗೆಮನೆಯಿಂದ, ಬೀದಿಗೆ ಕೇಳುವಂತೆ.
3) ಮಗಳ ಮನವಿ: "ಅಮ್ಮನ್ನ ದಯವಿಟ್ಟು ಎಲ್ಲಿಗಾದ್ರೂ ಕಳಿಸಿ."

ಪ್ರಸ್ತಾವನೆ:

ಈ ಮನೆಯ ಸೊಸೆಯೂ, ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟರೂ ಆಗಿರುವವರು (ಇನ್ನು ಮುಂದೆ 'ಸವಾರರು') ಹಲವು ವರ್ಷಗಳಿಂದ ಊರ ಹಿಂದಿನ ಗುಡ್ಡದಲ್ಲಿ ಸೈಕಲ್ ಓಡಿಸುತ್ತಿರುವುದು ಇಲಾಖೆಯ ಗಮನದಲ್ಲಿದೆ. ಗಮನದಲ್ಲಿ ಇಲ್ಲದಿರಲು ಸಾಧ್ಯವೂ ಇಲ್ಲ. ಸದರಿ ಸೈಕಲ್ಲು ಹಜಾರದಲ್ಲೇ ನಿಲ್ಲುತ್ತಿತ್ತು; ಇಲಾಖೆಯ ಮೊಣಕಾಲು ದಿನಕ್ಕೊಮ್ಮೆ ಅದರ ಪೆಡಲನ್ನು ಭೇಟಿಯಾಗುತ್ತಿತ್ತು. ಬೆಳಗಿನ ಪಾಳಿ ಇದ್ದರೆ ಸಂಜೆ, ಸಂಜೆಯ ಪಾಳಿ ಇದ್ದರೆ ಬೆಳಿಗ್ಗೆ, ಮಗಳನ್ನು ಈಜು ತರಗತಿಗೆ ಬಿಟ್ಟು ಕರೆತರುವ ನಡುವಿನ ಸಂದಿಯಲ್ಲಿ, ಹೀಗೆ ಇಲಿ ಗೋಡೆಯಲ್ಲಿ ದಾರಿ ಹುಡುಕುವಂತೆ ಸವಾರರು ಸಮಯ ಹುಡುಕುತ್ತಿದ್ದರು. ಒಮ್ಮೆ ನಾದಿನಿಯ ಮನೆಯ ಊಟಕ್ಕೆ ಇಡೀ ಕುಟುಂಬ ಕಾರಿನಲ್ಲಿ ಹೋದರೆ, ಇವರು ಗುಡ್ಡ ಹತ್ತಿ ಇಳಿದು, ಕಿವಿಯಲ್ಲಿ ಕೆಸರು ತುಂಬಿಕೊಂಡು, ಎಲ್ಲರಿಗಿಂತ ಮೊದಲೇ ಎಲೆಯ ಮುಂದೆ ಕೂತಿದ್ದರು.

ದಿನವಿಡೀ ಬೇರೆಯವರ ನೋವನ್ನು ಹಿಡಿದು, ಬಗ್ಗಿಸಿ, ನೀವಿ ಸೋತ ಕೈಗೆ ಗುಡ್ಡದ ಮೇಲೆ ಬರೀ ಹ್ಯಾಂಡಲ್ಲು ಸಿಗುತ್ತದೆ ಎಂಬುದು ಸವಾರರ ಸಮಜಾಯಿಷಿಯಾಗಿತ್ತು. ಇಲಾಖೆಯು ಅದನ್ನು ಓದಿ, ಕಡತಕ್ಕೆ ಸೇರಿಸಿ, ಅರ್ಥ ಮಾಡಿಕೊಂಡಿರಲಿಲ್ಲ.

ಹೀಗಿರುವಲ್ಲಿ, ಎಲೆ ಉದುರಲು ಶುರುವಾದ ಹೊಸದರಲ್ಲಿ, ಗುಡ್ಡದ ಕಡಿದಾದ ಇಳಿಜಾರಿನಲ್ಲಿ ಒದ್ದೆ ಎಲೆಗಳ ಕೆಳಗೆ ಅವಿತಿದ್ದ ಮರದ ಬೇರೊಂದು ಮುಂದಿನ ಚಕ್ರವನ್ನು ಹಿಡಿದುಕೊಂಡಿತು. ಚಕ್ರ ನಿಂತಿತು, ಸವಾರರು ನಿಲ್ಲಲಿಲ್ಲ. ಭುಜದ ಕಾಲರ್‌ಬೋನ್ ಮುರಿಯಿತು. ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿತ್ತು ಎಂಬ ಗಾದೆಯನ್ನು ಅಂದು ಅವರದೇ ಆಸ್ಪತ್ರೆಯಲ್ಲಿ ಕನಿಷ್ಠ ನಾಲ್ಕು ಜನ ಹೇಳಿದರು. ಅವರಲ್ಲಿ ಮೊಣಕಾಲು ನೋವಿಗೆಂದು ಬರುತ್ತಿದ್ದ ನಿವೃತ್ತ ಬಸ್ ಚಾಲಕರೂ ಒಬ್ಬರು. ಸವಾರರನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಹೋಗುವಾಗ ಅವರು ಕಾರಿಡಾರಿನ ಬೆಂಚಿನಿಂದಲೇ ಕೇಳಿದರು: "ಏನಮ್ಮಾ, ನೆಲ ನೋಡ್ಕೊಂಡು ಹೆಜ್ಜೆ ಇಡಿ ಅಂತ ನನಗೆ ಅಷ್ಟು ಬೈತಿದ್ರಿ?"

ಎಲ್ಲ ನೋವಿಗಿಂತ ಆ ಪ್ರಶ್ನೆಯೇ ಸವಾರರನ್ನು ಹೆಚ್ಚು ನೋಯಿಸಿತೆಂದು ಆಮೇಲಿನ ವಿಚಾರಣೆಯಲ್ಲಿ ತಿಳಿದುಬಂದಿದೆ.

ತರುವಾಯ ಮನೆಯ ಯಜಮಾನರು (ಹೆಸರಿಗೆ ಮಾತ್ರ, ಇನ್ನು ಮುಂದೆ 'ಪ್ರಾಧಿಕಾರಿ') ಉಲ್ಲೇಖ ಒಂದರ ನಿಷೇಧಾಜ್ಞೆಯನ್ನು ಹೊರಡಿಸಿದರು. ಪ್ರಾಧಿಕಾರಿಯವರು ನೀರು ಸರಬರಾಜು ಕಚೇರಿಯಲ್ಲಿ ಸುತ್ತೋಲೆಗಳ ಕರಡು ಬರೆಯುವವರು. ನಲ್ಲಿ ಸೋರಿದರೂ ಅವರು ಸುತ್ತೋಲೆ ಬರೆಯುತ್ತಾರೆ. ಕಣ್ಣು ಸೋರಿದರೂ ಅಷ್ಟೇ. ಸೈಕಲ್ಲನ್ನು ಉಗ್ರಾಣದ ಕೋಣೆಗೆ ತಳ್ಳಿ ಬೀಗ ಜಡಿದು, ಕೀಲಿಯನ್ನು ಸುರಕ್ಷತೆಯ ದೃಷ್ಟಿಯಿಂದ ತಮ್ಮ ತಾಯಿಯವರ ವಶಕ್ಕೆ ಒಪ್ಪಿಸಲಾಯಿತು. ಇಲಾಖೆಯ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಆಡಳಿತಾತ್ಮಕ ಪ್ರಮಾದ ನಡೆದಿಲ್ಲ.

ಕೈಯನ್ನು ಕೊರಳಿಗೆ ಕಟ್ಟಿಕೊಂಡು ಮನೆಯಲ್ಲಿ ಕೂತ ಸವಾರರಿಗೆ ರೋಗಿಗಳಿಲ್ಲದಾಯಿತು. ಆದಕಾರಣ ಮನೆಯವರನ್ನೇ ರೋಗಿಗಳನ್ನಾಗಿ ನೇಮಿಸಿಕೊಂಡರು. ಪ್ರಾಧಿಕಾರಿಯವರ ಕತ್ತು ಆಮೆಯ ಕತ್ತಿನಂತೆ ಮುಂದಕ್ಕೆ ಬಂದಿದೆಯೆಂದು ಗೋಡೆಗೆ ಒರಗಿಸಿ ನಿಲ್ಲಿಸಲಾಯಿತು. ಮಗಳ ಶಾಲಾ ಚೀಲವನ್ನು ತೂಕ ಮಾಡಿ, ಅರ್ಧ ಪುಸ್ತಕಗಳನ್ನು ಹೊರಗಿಟ್ಟಿದ್ದರಿಂದ, ಅವಳು ಗಣಿತದ ಪುಸ್ತಕವಿಲ್ಲದೆ ಗಣಿತದ ತರಗತಿಗೆ ಹೋಗುವಂತಾಯಿತು. ಅತ್ತೆಯವರು ಸಾರು ಕುದಿಸುವಾಗ ಒಂಟಿಕಾಲಿನಲ್ಲಿ ನಿಲ್ಲಬೇಕೆಂದು ವಿಧಿಸಲಾಯಿತು.

"ಮೂಳೆ ಮುರ್ಕೊಂಡಿದ್ದು ಇವಳು, ಕೊಕ್ಕರೆ ಥರ ನಿಲ್ಲೋದು ನಾನು. ಇದ್ಯಾವ ನ್ಯಾಯನೋ?" ಎಂದು ಅತ್ತೆಯವರು ಮಗನನ್ನು ಕೇಳಿದರು. ಮಗ ಗೋಡೆಗೆ ಒರಗಿದ್ದರಿಂದ ಉತ್ತರ ಕೊಡಲಾಗಲಿಲ್ಲ. ಮಾತಾಡಿದರೆ ಗದ್ದ ಮುಂದೆ ಬರುತ್ತಿತ್ತು.

ದಿನ ಕಳೆದಂತೆ ಬಿಸಿಲು ತೆಳುವಾಯಿತು, ಸಂಜೆ ಬೇಗ ಬಂತು. ಮೂಳೆ ಕೂಡಿಕೊಂಡಿದೆ, ಇನ್ನು ಸೈಕಲ್ ಹತ್ತಬಹುದು ಎಂದು ವೈದ್ಯರು ಹೇಳಿದರು. ಸವಾರರು ಕೆಲಸಕ್ಕೂ ಮರಳಿದರು. ಚಳಿ ಬಲಿತರೆ ಅರಣ್ಯ ಇಲಾಖೆಯವರು ಗುಡ್ಡದ ದಾರಿಯನ್ನು ಮುಚ್ಚುತ್ತಾರೆ. ಆಮೇಲೆ ಅದು ತೆರೆಯುವುದು ಮರ ಚಿಗುರಿದ ಮೇಲೆಯೇ. ನಿಷೇಧಾಜ್ಞೆಯಂತೂ ಫ್ರಿಜ್ ಬಾಗಿಲಲ್ಲಿ ಹಾಗೇ ಇತ್ತು. ಕೇಳಿದರೆ ಪ್ರಾಧಿಕಾರಿಯವರು "ಪರಿಶೀಲನೆಯಲ್ಲಿದೆ" ಎನ್ನುತ್ತಿದ್ದರು. ಆ ಮಾತಿನ ಅರ್ಥ ಈ ದೇಶದಲ್ಲಿ ಎಲ್ಲರಿಗೂ ಗೊತ್ತಿರುವಂತೆ ಸವಾರರಿಗೂ ಗೊತ್ತಿತ್ತು.

ಕಳೆದ ಗುರುವಾರ, ಸಂಜೆಯ ಪಾಳಿ ಇಲ್ಲದ ದಿನ, ಅತ್ತೆಯವರೇ ಉಗ್ರಾಣದ ಬೀಗ ತೆಗೆದರು.

"ಹೋಗಿ ಬಾರಮ್ಮ. ಕತ್ತಲಾಗೋದ್ರೊಳಗೆ ಮನೆ ಸೇರ್ಕೋ. ಅವನಿಗೆ ನಾನು ಹೇಳ್ಕೋತೀನಿ."

"ಬೈತಾರಲ್ಲ ಅತ್ತೆ?"

"ಬೈಲಿ. ನನ್ನ ಕಾಲಿಗಾದ್ರೂ ನೆಮ್ಮದಿ ಸಿಗುತ್ತೆ."

ದೈವಯೋಗದಿಂದ ಅಂದು ಪ್ರಾಧಿಕಾರಿಯವರು ಕಚೇರಿಯಿಂದ ಬೇಗ ಬಂದರು. ಉಗ್ರಾಣದ ಬಾಗಿಲು ಹಾರು ಹೊಡೆದಿತ್ತು. "ನನಗೇನು ಗೊತ್ತಪ್ಪ" ಎಂದರು ಅತ್ತೆಯವರು, ಕೈಯಲ್ಲಿ ಕೀಲಿ ಹಿಡಿದುಕೊಂಡೇ. ಪ್ರಾಧಿಕಾರಿಯವರು ಚಹಾವನ್ನೂ ಕುಡಿಯದೆ, ಕಚೇರಿಯ ಬೂಟಿನಲ್ಲೇ ಅಡ್ಡದಾರಿ ಹಿಡಿದು ಗುಡ್ಡಕ್ಕೆ ಓಡಿದರು. ಇಳಿಜಾರಿನ ಪಕ್ಕದ ಪೊದೆಯೊಳಗೆ ಸ್ಥಳ ಪರಿಶೀಲನೆಗೆಂದು ಕೂತರು. ಅವಿತುಕೊಂಡರು ಎಂದು ಯಾರಾದರೂ ಹೇಳಿದರೆ ಅದನ್ನು ಕಡತದಲ್ಲಿ ದಾಖಲಿಸತಕ್ಕದ್ದಲ್ಲ.

ಸವಾರರು ಬಂದರು. ಇಳಿಜಾರಿನ ತುದಿಯಲ್ಲಿ ಬ್ರೇಕ್ ಹಿಡಿದು, ಒಂದು ಕಾಲು ನೆಲಕ್ಕೆ ಕೊಟ್ಟು ನಿಂತರು. ಗಾಳಿಗೆ ಎಲೆಗಳು ಉದುರುತ್ತಿದ್ದವು. ಒಮ್ಮೆ ಪೆಡಲ್ ಮೇಲೆ ಕಾಲಿಟ್ಟು ತೆಗೆದರು. ಮತ್ತೆ ಇಟ್ಟು ತೆಗೆದರು. ಕೆಳಗೆ ಇಳಿಜಾರಿನಲ್ಲಿ ಬೇರು ಎಲ್ಲಿದೆಯೋ ಕಾಣುತ್ತಿರಲಿಲ್ಲ. ನೆಲವೆಲ್ಲ ಒಂದೇ ಕಂದು. ಎಷ್ಟೋ ಸಲ ಕಣ್ಣು ಮುಚ್ಚಿಕೊಂಡು ಇಳಿದಿದ್ದ ಜಾಗ ಅದು. ಕೊನೆಗೆ ಸವಾರರು ಸೈಕಲ್‌ನಿಂದ ಇಳಿದು, ಅದನ್ನು ಪಕ್ಕದಲ್ಲಿ ಹಿಡಿದುಕೊಂಡು, ಕಾಯಿಲೆಯ ಕರುವನ್ನು ನಡೆಸುವ ಹಾಗೆ ಒಂದೊಂದೇ ಹೆಜ್ಜೆ ನಡೆಸಿಕೊಂಡು ಇಳಿಯತೊಡಗಿದರು. ಅವರ ಮೂಗು ಸೊರಸೊರ ಎನ್ನುವ ಸದ್ದು ಪೊದೆಯವರೆಗೂ ಕೇಳಿಸಿತು.

ಈ ಹಂತದಲ್ಲಿ ಪ್ರಾಧಿಕಾರಿಯವರು ಸೀನಿದರು.

"ಯಾರದು?"

"ನಾನೇ ಕಣೇ. ವಾಕಿಂಗ್ ಬಂದಿದ್ದೆ."

"ಮುಳ್ಳಿನ ಪೊದೆಯೊಳಗಾ?"

ಪ್ರಾಧಿಕಾರಿಯವರು ಹೊರಬಂದರು. ಪ್ಯಾಂಟು ಪೂರ್ತಿಯಾಗಿ ಅವರೊಂದಿಗೆ ಬರಲಿಲ್ಲ. ಸವಾರರಿಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ಎರಡೂ ಮಾಡದೆ ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟರು.

"ಭುಜ ಚೆನ್ನಾಗೇ ಇದೆ ಕಣ್ರೀ. ಕಾಲೇ ಮೇಲೇಳ್ತಿಲ್ಲ. ಈಗ ಇಳೀದೇ ಹೋದ್ರೆ ಚಳಿಗಾಲ ಪೂರ್ತಿ ಇಲ್ಲೇ ನಿಂತಿರ್ತೀನಿ, ಮನೇಲಿ ಕೂತಿದ್ರೂ."

"ಮೊದಲೇ ಹೇಳಬಾರದಿತ್ತಾ?"

"ಹೇಳಿದ್ರೆ ಸೈಕಲ್ ಮಾರಿಬಿಡ್ತಿದ್ರಿ."

ಪ್ರಾಧಿಕಾರಿಯವರು ಆಗ ಯಾವ ಕರಡಿನಲ್ಲೂ ಬರೆಯದಿದ್ದ ಮಾತನ್ನು ಹೇಳಿದರು. "ಆವತ್ತು ಫೋನಲ್ಲಿ 'ನಿಮ್ಮ ಹೆಂಡ್ತಿ ಬಿದ್ದಿದ್ದಾರೆ' ಅಂದ್ರು. ಅಷ್ಟರಲ್ಲಿ ಲೈನ್ ಕಟ್ಟಾಯ್ತು. ಆಸ್ಪತ್ರೆ ಬರೋವರೆಗೂ ಟ್ಯಾಕ್ಸೀಲಿ ಕೂತು ನಾನು ನೀನಿಲ್ಲದ ಮನೇಲೆಲ್ಲಾ ಓಡಾಡಿಬಿಟ್ಟೆ ಕಣೇ. ನಿನ್ನ ಚಪ್ಪಲಿ ಏನ್ ಮಾಡೋದು ಅಂತಾನೂ ಯೋಚ್ನೆ ಬಂತು."

ಸವಾರರು ಗಂಡನ ಕೂದಲಲ್ಲಿ ಸಿಕ್ಕಿಕೊಂಡಿದ್ದ ಒಣಗಿದ ಎಲೆಯೊಂದನ್ನು ತೆಗೆದರು. "ಇದನ್ನೇ ಹೇಳೋದಲ್ವಾ? ಅಷ್ಟುದ್ದ ಆಜ್ಞೆ ಬರೆಯೋ ಬದಲು."

"ನನಗೆ ಬರೋದು ಅದೊಂದೇ."

ಪ್ರಾಧಿಕಾರಿಯವರು ಕಾಲಿನಿಂದ ಎಲೆ ಗುಡಿಸಿ ಬೇರನ್ನು ಬಯಲಿಗೆ ತಂದರು. ಇಳಿಜಾರಿನ ಕೆಳಗೆ ಹೋಗಿ, ಎರಡೂ ಕೈ ಚಾಚಿ, ಗೋಲ್‌ಕೀಪರಂತೆ ನಿಂತರು.

"ಅಲ್ಲಿ ನಿಂತ್ರೆ ನಿಮಗೇ ಗುದ್ದೋದು! ಪಕ್ಕಕ್ಕೆ ಬನ್ನಿ! ಇನ್ನೂ ಪಕ್ಕಕ್ಕೆ!"

ಸವಾರರು ಸೈಕಲ್ಲನ್ನು ಮತ್ತೆ ಮೇಲಕ್ಕೆ ತಳ್ಳಿಕೊಂಡು ಹೋಗಿ ಹತ್ತಿದರು. ಅವರು ಹೇಗೆ ಇಳಿದರೆಂಬುದಕ್ಕೆ ಇಲಾಖೆಯ ಬಳಿ ಪ್ರತ್ಯಕ್ಷ ಸಾಕ್ಷ್ಯವಿಲ್ಲ. ಏಕೆಂದರೆ ಆ ಹೊತ್ತಿನಲ್ಲಿ ಪ್ರಾಧಿಕಾರಿಯವರ ಕಣ್ಣು ಮುಚ್ಚಿತ್ತು. ಎಲೆಗಳು ಸರಸರನೆ ಸರಿದದ್ದು, ಚಕ್ರ ಒಮ್ಮೆ ದಡಕ್ಕೆಂದದ್ದು, ಬ್ರೇಕ್ ಕಿರುಚಿದ್ದು, ಆಮೇಲೆ ಬಹಳ ಹತ್ತಿರದಲ್ಲಿ ಒಬ್ಬ ಹೆಂಗಸು ಹುಡುಗಿಯ ಹಾಗೆ ನಕ್ಕದ್ದು ಮಾತ್ರ ಕಿವಿಗೆ ಬಿದ್ದಿದೆ. ಮುಖಕ್ಕೆ ಕೆಸರೂ ಬಿದ್ದಿದೆ.

ಮೇಲ್ಕಂಡ ಎಲ್ಲ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿದ ಇಲಾಖೆಯು ಈ ಕೆಳಗಿನಂತೆ ಆದೇಶಿಸಿದೆ.

ಆದೇಶ:

1. ಉಲ್ಲೇಖ ಒಂದರ ನಿಷೇಧಾಜ್ಞೆಯನ್ನು ಈ ಮೂಲಕ ರದ್ದುಪಡಿಸಲಾಗಿದೆ. ಫ್ರಿಜ್ ಬಾಗಿಲಿನ ಆ ಜಾಗವನ್ನು ಮಗಳ ಪರೀಕ್ಷಾ ವೇಳಾಪಟ್ಟಿಗೆ ಹಸ್ತಾಂತರಿಸತಕ್ಕದ್ದು.

2. "ಇದೋ ಬಂದೆ" ಎಂಬ ಪದಪುಂಜವನ್ನು ಸವಾರರು ಗುಡ್ಡದ ತುದಿಯಿಂದ ಫೋನಿನಲ್ಲಿ ಬಳಸತಕ್ಕದ್ದಲ್ಲ. "ಐದೇ ನಿಮಿಷ" ಎಂದರೆ ಐದೇ ನಿಮಿಷ ಎಂದು ಅರ್ಥೈಸಲಾಗುವುದು. "ಬರೀ ಒಂದು ಸುತ್ತು" ಎಂಬುದರ ವ್ಯಾಖ್ಯಾನವನ್ನು ತಜ್ಞರ ಸಮಿತಿಗೆ ವಹಿಸಿದೆ.

3. ಕೆಸರು ಹೊಸ್ತಿಲಿನಾಚೆ ಇಳಿಯತಕ್ಕದ್ದು. ಹೊಸ್ತಿಲು ದಾಟಿದ ಕೆಸರನ್ನು ಕುಟುಂಬದ ಆಸ್ತಿಯೆಂದು ಪರಿಗಣಿಸಿ, ತಂದವರಿಂದಲೇ ಗುಡಿಸಿಸಲಾಗುವುದು.

4. ಸೈಕಲ್ ಸರಪಳಿಗೆ ಹಾಕುವ ಎಣ್ಣೆಯನ್ನು ಅಡುಗೆ ಎಣ್ಣೆಯ ಪಕ್ಕದಲ್ಲಿಡುವುದನ್ನು ನಿಷೇಧಿಸಲಾಗಿದೆ. ಕಳೆದ ಸಲದ ಒಗ್ಗರಣೆಯ ಬಗ್ಗೆ ಯಾರೂ ಮಾತಾಡತಕ್ಕದ್ದಲ್ಲ.

5. ಮನೆಗೆ ಬಂದ ನೆಂಟರಿಗೆ ಹೆಲ್ಮೆಟ್ ಕ್ಯಾಮೆರಾದ ವಿಡಿಯೊ ತೋರಿಸಬಹುದು. ಆದರೆ ಒಮ್ಮೆ ಮಾತ್ರ, ಮತ್ತು ನೆಂಟರು ಎದ್ದುಹೋಗಲು ಬಾಗಿಲು ತೆರೆದಿಟ್ಟಿರತಕ್ಕದ್ದು. ನಿಧಾನಗತಿಯಲ್ಲಿ ತೋರಿಸಲು ಪೂರ್ವಾನುಮತಿ ಅಗತ್ಯ.

6. ಅತ್ತೆಯವರನ್ನು ಒಂಟಿಕಾಲಿನ ಸೇವೆಯಿಂದ ತಕ್ಷಣ ಬಿಡುಗಡೆಗೊಳಿಸಲಾಗಿದೆ. ಆದಾಗ್ಯೂ ಅವರು ಇತ್ತೀಚೆಗೆ ಯಾರೂ ಇಲ್ಲದಾಗಲೂ ಹಾಗೆಯೇ ನಿಂತು ಸಾರು ಕುದಿಸುತ್ತಿರುವುದು, "ಸೊಂಟ ಹಗುರಾಗಿದೆ" ಎಂದು ಎದುರುಮನೆಯವರಿಗೆ ಹೇಳಿರುವುದು ಕಂಡುಬಂದಿದೆ. ಈ ಬಗ್ಗೆ ಇಲಾಖೆಯು ಕಣ್ಣು ಮುಚ್ಚಿಕೊಳ್ಳುತ್ತದೆ.

7. ಪೊದೆಯಲ್ಲಿ ಅವಿತು ಕೂರುವುದನ್ನು ಸಂಪೂರ್ಣವಾಗಿ ನಿಷೇಧಿಸಲಾಗಿದೆ. ಅನಿವಾರ್ಯ ಸಂದರ್ಭಗಳಲ್ಲಿ ಕೂರುವವರು ಹಳೆಯ ಪ್ಯಾಂಟು ಧರಿಸಿ, ಮುಂಚಿತವಾಗಿ ಸೀನಿ ಮುಗಿಸಿರತಕ್ಕದ್ದು.

8. ಹೆದರಿಕೆಯಾದವರು, ಅದು ಯಾರೇ ಆಗಿರಲಿ, ಅದೇ ದಿನ ಬಾಯಿಮಾತಿನಲ್ಲಿ ವರದಿ ಮಾಡತಕ್ಕದ್ದು. ಲಿಖಿತ ವರದಿಯನ್ನು ಸ್ವೀಕರಿಸಲಾಗುವುದಿಲ್ಲ.

9. ಗುಡ್ಡದ ದಾರಿಯನ್ನು ಮುಚ್ಚುವವರೆಗೆ ಈ ಆದೇಶವು ಜಾರಿಯಲ್ಲಿರುತ್ತದೆ. ಅನಂತರ ಸವಾರರ ಮುಖಭಾವವನ್ನು ಆಧರಿಸಿ ಮುಂದಿನ ಕ್ರಮ ಕೈಗೊಳ್ಳಲಾಗುವುದು.

(ಸಹಿ)
ಪ್ರಾಧಿಕಾರಿ, ಗೃಹ ಇಲಾಖೆ
(ಅತ್ತೆಯವರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ)

ಪ್ರತಿಗಳು:
1. ಅತ್ತೆಯವರಿಗೆ, ಮಾಹಿತಿಗಾಗಿ. ಓದಿ ಹೇಳಲಾಯಿತು. "ಇಷ್ಟಕ್ಕೆ ಇಷ್ಟುದ್ದ ಯಾಕೋ?" ಎಂದರು.
2. ಮಗಳಿಗೆ, ಗಣಿತದ ಪುಸ್ತಕದೊಂದಿಗೆ ಲಗತ್ತಿಸಿ.
3. ನಾದಿನಿಯವರಿಗೆ, ಮುಂದಿನ ಊಟಕ್ಕೆ ಕುರ್ಚಿಯ ಮೇಲೆ ಹಳೆಯ ಬಟ್ಟೆ ಹಾಸಲು ಕೋರಿ.
4. ಸವಾರರಿಗೆ. ಭಾನುವಾರ ಬೆಳಿಗ್ಗೆ ಖುದ್ದಾಗಿ ತಲುಪಿಸಲು ಹೋದಾಗ ಅವರು ಮನೆಯಲ್ಲಿರಲಿಲ್ಲ, ಸೈಕಲ್ಲೂ ಇರಲಿಲ್ಲ. ಆದಕಾರಣ ನಿಯಮಾನುಸಾರ ಬಾಗಿಲಿಗೆ ಅಂಟಿಸಿ ಜಾರಿ ಮಾಡಲಾಗಿದೆ. ಅಂಟು ಸಿಗದ ಕಾರಣ ಅವರ ಭುಜಕ್ಕೆಂದು ತಂದಿಟ್ಟಿದ್ದ ನೋವಿನ ಪಟ್ಟಿಗಳನ್ನೇ ಬಳಸಲಾಗಿದೆ. ಅವು ಈಗ ಬೇರೆ ಯಾವ ಕೆಲಸಕ್ಕೂ ಬೇಕಾಗಿಲ್ಲ.