ಎಂಟು ಚಕ್ರದ ಗಾಡಿಯ ಸಾರಥಿ

ಸೈನ್ಯದಲ್ಲಿ ಎರಡು ವರ್ಷ ಕಳೆದವನಿಗೆ ಶತ್ರು ಸಿಗದಿದ್ದರೂ ಫಜೀತಿಗಳು ತಪ್ಪದೆ ಸಿಗುತ್ತವೆ. ಅಪ್ಪ ಅಮ್ಮ ಮೈಸೂರಿನವರು, ನಾನು ಬೆಳೆದಿದ್ದು ಸಿಂಗಪುರದ ಚೋವಾ ಚು ಕಾಂಗ್‌ನಲ್ಲಿ. ಇಲ್ಲಿ ಹದಿನೆಂಟು ತುಂಬಿದ ಹುಡುಗರು ಸೈನ್ಯಕ್ಕೆ ಹೋಗಲೇಬೇಕು. ನನ್ನನ್ನು ಎಂಟು ಚಕ್ರದ ಕವಚದ ಗಾಡಿಗೆ ಡ್ರೈವರ್ ಮಾಡಿದರು. ಚೆನ್ನಾಗಿಯೇ ಓಡಿಸ್ತಿದ್ದೆ, ಅದನ್ನ ಮೊದಲೇ ಹೇಳಿಬಿಡ್ತೀನಿ.

೧. ಅಮ್ಮನ ತನಿಖೆ

ಸುದ್ದಿ ಕೇಳಿ ಅಮ್ಮ ಗಾಡಿಯ ಜಾತಕವನ್ನೇ ಕೇಳಿದಳು. ಗುಂಡು ಹೊಡೆದರೆ ತಡೆಯುತ್ತೆ ಅಂದೆ. ಕೆಳಗೆ ಬಾಂಬ್ ಸಿಡಿದರೂ ಒಳಗಿರೋರು ಉಳೀತಾರೆ, ಟೈರ್ ಪಂಕ್ಚರ್ ಆದರೂ ನಿಲ್ಲಲ್ಲ ಅಂದೆ. ಅವಳ ಮುಖದ ಗಂಟು ಸಡಿಲವಾಗಲಿಲ್ಲ. ಕೊನೆಗೆ ಒಳಗೆ ಎಸಿ ಇದೆಯಾ ಅಂತ ಕೇಳಿದಳು. ಇದೆ ಅಂದ ತಕ್ಷಣ ಮುಖ ಅರಳಿತು. ಆಮೇಲೆ ಪಕ್ಕದ ಬ್ಲಾಕಿನ ಆಂಟಿಗೆ ಫೋನಲ್ಲಿ ಹೇಳ್ತಿದ್ದಳು: "ಮಗಂದು ಎಸಿಲಿ ಕೂತು ಮಾಡೋ ಕೆಲಸ ಕಣ್ರೀ. ಸ್ವಲ್ಪ ಟ್ರಾವೆಲಿಂಗ್ ಇರುತ್ತಂತೆ."

೨. ದಾರಿ ಬಿಡದವನು

ತರಬೇತಿಗೆ ನಮ್ಮ ತುಕಡಿ ಆಸ್ಟ್ರೇಲಿಯಾಕ್ಕೆ ಹೋಯಿತು, ಗಾಡಿಗಳು ಹಡಗಿನಲ್ಲಿ ಬಂದವು. ನಮ್ಮೂರಲ್ಲಿ ಅಷ್ಟು ಜಾಗ ಎಲ್ಲಿ, ವೇಗ ಹಿಡಿಯೋಷ್ಟರಲ್ಲಿ ಸಮುದ್ರ ಬರುತ್ತೆ. ಅಲ್ಲಿ ಒಂದು ಬೆಳಗ್ಗೆ ಸಾಲಿನ ಮೊದಲ ಗಾಡಿ ನನ್ನದು. ದಾರಿ ಮಧ್ಯೆ ಒಂದು ಕಾಂಗರೂ ನಿಂತಿತ್ತು. ಹಾರ್ನ್ ಹೊಡೆದೆ. ಅದು ನಿಧಾನಕ್ಕೆ ಹೊಟ್ಟೆ ಕೆರೆದುಕೊಂಡಿತು. ಇಂಜಿನ್ ಜೋರು ಮಾಡಿದೆ. ಇನ್ನೊಂದು ಕಡೆ ಕೆರೆದುಕೊಂಡಿತು. ಹಿಂದಿನ ಗಾಡಿಗಳೆಲ್ಲ ರೇಡಿಯೋದಲ್ಲಿ ಶತ್ರು ಬಲ ಎಷ್ಟು ಅಂತ ವಿಚಾರಿಸತೊಡಗಿದವು. ಕೊನೆಗೆ ಇಡೀ ಸಾಲು ಪೊದೆಗೆ ಇಳಿದು ಅದನ್ನ ಸುತ್ತು ಹಾಕಿ ಹೋಯಿತು. ಕವಚ ನಮಗಿತ್ತು, ಧೈರ್ಯ ಅದಕ್ಕಿತ್ತು.

೩. ಕಮಾಂಡರ್ ಕಲಿತ ಕನ್ನಡ

ಒಳಗೆ ಕೂತವನಿಗೆ ಅಕ್ಕಪಕ್ಕ ಸರಿಯಾಗಿ ಕಾಣಲ್ಲ. ಮೇಲಿನ ಕಿಂಡಿಯಲ್ಲಿ ನಿಂತ ಕಮಾಂಡರ್ ದಾರಿ ಹೇಳಬೇಕು. ನಮ್ಮ ಕಮಾಂಡರ್ ಸಿಂಗಪುರದ್ದೇ ಚೀನೀ ಹುಡುಗ, ನನ್ನದೇ ವಯಸ್ಸು. ಇಕ್ಕಟ್ಟಿನ ಜಾಗದಲ್ಲಿ ನಾನು 'ನಿಧಾನ, ನಿಧಾನ' ಅಂತ ಗೊಣಗೋದು ಇಯರ್‌ಫೋನಲ್ಲಿ ಕೇಳಿ ಕೇಳಿ ಅವನೂ ಅದನ್ನೇ ಹೇಳತೊಡಗಿದ. ವಾಪಸ್ ಬಂದ ಮೇಲೆ ಮನೆಯವರಿಗೆ ಗಾಡಿ ತೋರಿಸೋ ದಿನ ಬಂತು. ಅಮ್ಮ ಸೀರೆ ಎತ್ತಿ ಹಿಡಿದು ಗಾಡಿಯಿಂದ ಇಳಿಯುವಾಗ ಅವನು ಕೈ ಕೊಟ್ಟು, "ನಿಧಾನ, ಆಂಟಿ" ಅಂದ. ಅಮ್ಮ ಅಲ್ಲೇ ನಿಂತು ನನ್ನ ಕಡೆ ತಿರುಗಿದಳು. "ನೋಡು, ಎಷ್ಟು ಸ್ಪಷ್ಟ ಕನ್ನಡ. ನೀನು ಏನ್ ಕೇಳಿದ್ರೂ ಇಲ್ಲಿಯೋರ ಹಾಗೆ ಓಕೆ ಲಾ ಅಂತೀಯ."

೪. ಒಂದು ಕಾಳು

ಇದು ನಾವು ಹೊರಡೋ ಮೊದಲೇ ನಡೆದಿದ್ದು, ಬೇಕಂತಲೇ ಕೊನೆಗೆ ಇಟ್ಟುಕೊಂಡಿದ್ದೀನಿ. ಆಸ್ಟ್ರೇಲಿಯಾದವರಿಗೆ ಹೊರಗಿನ ಮಣ್ಣಾಗಲಿ ಬೀಜವಾಗಲಿ ಒಂದು ಚೂರೂ ಬರಕೂಡದು. ಮೂರು ದಿನ ಗಾಡಿ ತೊಳೆದೆವು. ಆಮೇಲೆ ಅಲ್ಲಿಂದ ಬಂದ ಅಧಿಕಾರಿಯೊಬ್ಬರು ಟಾರ್ಚ್ ಹಿಡಿದು ಒಳಗೆ ನುಗ್ಗಿದರು. ಅವರು ಒಪ್ಪದಿದ್ದರೆ ಗಾಡಿ ಹಡಗು ಹತ್ತಲ್ಲ, ನಾನೂ ಹೊರಡೋ ಹಾಗಿಲ್ಲ. ಅರ್ಧ ಗಂಟೆ ಆದಮೇಲೆ ನನ್ನ ಸೀಟಿನ ಕೆಳಗಿಂದ ಚಿಮಟದಲ್ಲಿ ಏನನ್ನೋ ಹಿಡಿದು ಹೊರಗೆ ಬಂದರು. ಒಂದು ಸಾಸಿವೆ ಕಾಳು. ಹಿಂದಿನ ದಿನ ಆ ಸೀಟಿನಲ್ಲೇ ಕೂತು ಅಮ್ಮ ಕಟ್ಟಿಕೊಟ್ಟ ಪುಳಿಯೋಗರೆ ತಿಂದಿದ್ದೆ.

ಇದು ಬೀಜ, ನಮ್ಮ ನೆಲಕ್ಕೆ ಬಿದ್ದರೆ ಮೊಳೆಯುತ್ತೆ ಅಂದರು. ಕಮಾಂಡರ್ ನನ್ನನ್ನು ತಿನ್ನೋ ಹಾಗೆ ನೋಡಿದ. ನಾನು ನೆಟ್ಟಗೆ ನಿಂತು ಇಂಗ್ಲಿಷಿನಲ್ಲಿ ವರದಿ ಒಪ್ಪಿಸಿದೆ: "ಸರ್, ಇದು ಮೊಳೆಯಲ್ಲ. ನಮ್ಮಮ್ಮ ಇದನ್ನ ಕಾದ ಎಣ್ಣೆಗೆ ಹಾಕಿ ಕೊಂದಿದ್ದಾಳೆ."

ಅವರು ಬಹಳ ಹೊತ್ತು ಕಾಳನ್ನು ನೋಡಿದರು, ಮೂಸಿಯೂ ನೋಡಿದರು. ಮತ್ತೊಮ್ಮೆ ಒಳಗೆಲ್ಲ ಗುಡಿಸಿ ಕೊಡಿ ಅಂದು ಗಾಡಿಯನ್ನು ಪಾಸ್ ಮಾಡಿದರು. ಫಾರಂನಲ್ಲಿ ಅವರು ಬರೆದಿದ್ದನ್ನು ಕಮಾಂಡರ್ ನಮಗೆಲ್ಲ ಓದಿ ಹೇಳಿದ. ಬೀಜ: ಒಂದು. ಸ್ಥಿತಿ: ಮೃತ. ಕಾರಣ: ಡ್ರೈವರ್‌ನ ತಾಯಿ.