ಏಳು ವರ್ಷ ಸುಳಿವಿಲ್ಲದವರು

ವಿಶ್ವಕೋಶದ ಕಚೇರಿಯಲ್ಲಿ ಯಾರೂ ಇಳಿಯದ ನೆಲಮಾಳಿಗೆಯೊಂದಿತ್ತು. ಅಲ್ಲಿ ಹಳೆಯ ತೀರ್ಪುಗಳ ನಡುವೆ ಕುಳಿತಿದ್ದ ವಕೀಲರಿಗೆ ಆ ಬೆಳಿಗ್ಗೆ ಮೆಟ್ಟಿಲ ಬುಡದಲ್ಲಿ ಒಂದು ಹಾಳೆ ಸಿಕ್ಕಿತು. ಓದುತ್ತಿದ್ದಂತೆ ಕನ್ನಡಕ ಮೂಗಿನ ತುದಿಗೆ ಜಾರಿತು.

'ಏಳು ವರ್ಷ ಸುಳಿವಿಲ್ಲದವನನ್ನು ಸತ್ತನೆಂದು ಭಾವಿಸುವ ತತ್ವ: ಪ್ರತ್ಯೇಕ ಲೇಖನ ಬೇಡ. ಸಾಕ್ಷ್ಯ ಎಂಬ ಲೇಖನದಲ್ಲಿ ಸೇರಿಸಿ.'

ಆ ಲೇಖನ ಬರೆದುಕೊಡಲು ಒಪ್ಪಿಕೊಂಡಿದ್ದವರು ಇವರೇ. ಒಂದೊಂದು ಆಧಾರವನ್ನೂ ಮೂರು ಸಲ ಪರೀಕ್ಷಿಸುವ ಸ್ವಭಾವ. ಹೀಗಾಗಿ ಸ್ವಲ್ಪ ತಡವಾಗಿತ್ತು. ಹಿಂಬಾಗಿಲಿಂದ ಬಂದು ಹಿಂಬಾಗಿಲಿಂದಲೇ ಹೋಗುತ್ತಿದ್ದ ಒಂಟಿ ಜೀವ. ತಮ್ಮ ಹನ್ನೊಂದು ಪುಟಗಳು ಸಂಪುಟದಲ್ಲಿ ಅಚ್ಚಾಗಬೇಕು ಎಂಬುದೊಂದೇ ಆಸೆ. ಪುಟಗಳನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತಿದರು.

ಮೇಲೆ ಬೆರಳಚ್ಚು ಯಂತ್ರಗಳು ತಗಡಿನ ಮೇಲೆ ಆಲಿಕಲ್ಲು ಬಿದ್ದಂತೆ ಸದ್ದು ಮಾಡುತ್ತಿದ್ದವು. ಇವರು ಹೊಸ್ತಿಲು ದಾಟಿದ್ದೇ ತಡ, ಎಲ್ಲವೂ ಒಮ್ಮೆಲೇ ನಿಂತವು. ಬೆರಳಚ್ಚುಗಾರ್ತಿ ದಡಬಡನೆ ಎದ್ದು, ಗೋಡೆಯ ಮೇಲಿದ್ದ ಯಾವುದೋ ಪಟಕ್ಕೆ ಬೆನ್ನು ಅಡ್ಡ ಮಾಡಿಕೊಂಡು ನಿಂತಳು.

"ಕೂತ್ಕೊಳ್ಳಿ ಸಾರ್. ದೂರದಿಂದ ಬಂದ್ರಾ?"

"ಇಲ್ಲಮ್ಮ, ಇಲ್ಲೇ ಕೆಳಗಿಂದ."

ಅವಳ ಮುಖ ಸುಣ್ಣದ ಗೋಡೆಯಾಯಿತು.

ಕರಡು ತಿದ್ದುವ ಅಕ್ಕ ಮಾತ್ರ ತಮಗೆಂದು ಇಟ್ಟುಕೊಂಡಿದ್ದ ಬಿಸಿನೀರಿನ ಲೋಟವನ್ನು ವಕೀಲರ ಮುಂದೆ ಸರಿಸಿದರು. ಸರಿಸಿದ್ದು ಉದ್ದದ ಅಳತೆಪಟ್ಟಿಯಿಂದ.

ಪ್ರಧಾನ ಸಂಪಾದಕರು ಹೊಸಬರು. ಹೆದರಲು ಅವರಿಗೆ ಕಾರಣವಿರಲಿಲ್ಲ. ವಕೀಲರು ಚಾಚಿದ ಹಾಳೆಯನ್ನು ಓದಿ ಹೇಳಿದರು: "ಪ್ರತ್ಯೇಕ ಲೇಖನ ಬೇಕು ಅಂದ್ರೆ ನಿಜವಾಗಿ ನಡೆದ ನಿದರ್ಶನ ಒಂದು ಬೇಕು ಸ್ವಾಮಿ. ಅದನ್ನ ಲೇಖಕರಲ್ಲ, ಬೇರೆಯವರು ತರ್ಬೇಕು. ನಿಯಮ."

"ನಮ್ಮಲ್ಲೇ ಇದೆಯಲ್ಲ ಸಾರ್!" ಕಪಾಟಿನ ಹಿಂದಿನಿಂದ ದಾಖಲೆ ಗುಮಾಸ್ತ ಫೈಲು ಹಿಡಿದು ಬಂದ. "ಒಬ್ಬರು ಲೇಖನ ಕೊಡ್ತೀನಿ ಅಂತ ಹೋದವರು ಬರಲೇ ಇಲ್ಲ. ಹದಿನಾಲ್ಕು ಕಾಗದ ಹಾಕಿದ್ವಿ, ಎಲ್ಲಾ ವಾಪಸ್. ಹೋದ ತಿಂಗಳಿಗೆ ಏಳು ವರ್ಷ. ಸಂತಾಪ ಸಭೇನೂ ಮಾಡಿದ್ವಿ. ಅಕ್ಕ ಅತ್ತೇಬಿಟ್ರು."

ಬೆರಳಚ್ಚುಗಾರ್ತಿ ಮೆಲ್ಲನೆ ಪಕ್ಕಕ್ಕೆ ಸರಿದಳು. ಪಟದೊಳಗಿಂದ ವಕೀಲರನ್ನು ವಕೀಲರೇ ನೋಡುತ್ತಿದ್ದರು.

"ಅಯ್ಯೋ, ನಾನು ಮನೆ ಬದಲಾಯಿಸಿದ್ದೆ ಅಷ್ಟೇ ಕಣ್ರೀ! ಬದುಕೇ ಇದೀನಿ!"

"ಹಾಗಾದ್ರೆ ನಿದರ್ಶನ ಬಿದ್ದುಹೋಯ್ತು," ಎಂದರು ಸಂಪಾದಕರು. "ಸಾಕ್ಷ್ಯಕ್ಕೆ ಸೇರಿಸಿಬಿಡೋಣ."

ವಕೀಲರು ಹನ್ನೊಂದು ಪುಟಗಳನ್ನು ನೋಡಿದರು. ಮತ್ತೆ ಎದೆಗೊತ್ತಿಕೊಂಡರು.

"ಬೇಡ ಬೇಡ... ಸತ್ತಿದೀನಿ ಅಂತಲೇ ಇಟ್ಕೊಳ್ಳಿ."

"ಪ್ರತ್ಯೇಕ ಲೇಖನ ಮಂಜೂರು!"

ಮುದ್ರೆ ಧಡ್ ಎಂದು ಬಿತ್ತು. ಕೋಣೆ ಇದ್ದಕ್ಕಿದ್ದಂತೆ ತಣ್ಣಗಾಯಿತು. ಅಲ್ಲಿಂದಾಚೆಗೆ ಯಾರೊಬ್ಬರೂ ವಕೀಲರತ್ತ ತಿರುಗಲಿಲ್ಲ.

ಸಂಪಾದಕರು ಪುಟಗಳನ್ನು ಕೈಯಲ್ಲಿ ತೂಗಿದರು. "ತೀರಾ ಉದ್ದ. ಕತ್ತರಿಸೋಕೆ ಬರೆದವರ ಒಪ್ಪಿಗೆ ಬೇಕಲ್ವೇನಯ್ಯ?"

"ಬದುಕಿದ್ರೆ ಬೇಕು ಸಾರ್," ಎಂದ ಗುಮಾಸ್ತ.

ಕೆಂಪು ಪೆನ್ಸಿಲು ಸರಸರನೆ ಓಡಿತು. ಶೀರ್ಷಿಕೆ ಉಳಿಯಿತು. ಅದರ ಕೆಳಗೆ ಎರಡೇ ಪದ: 'ನೋಡಿ: ಸಾಕ್ಷ್ಯ'.

"ನಾನು ಒಪ್ಪಲ್ಲ! ಒಪ್ಪೋದೇ ಇಲ್ಲ!" ವಕೀಲರು ಗಂಟಲು ಹರಿಯುವಂತೆ ಕೂಗಿದರು.

ಅಕ್ಕ ಎದ್ದು ಹೋಗಿ ಕಿಟಕಿ ಮುಚ್ಚಿದರು.

"ಪಾಪ, ಗಾಳಿ," ಎಂದರು, ಕಣ್ಣೊರೆಸಿಕೊಳ್ಳುತ್ತ.