ಮದುವೆಮನೆಯಲ್ಲಿ ಕೂಗಿದ ಡಾಬು

"ಇನ್ಮೇಲೆ ಮಾತ್ರೆ ಬೇಡ, ಇಂಜೆಕ್ಷನ್ ಬೇಡ, ಡಾಕ್ಟ್ರೂ ಬೇಡ!"

ನಮ್ಮ ಮಾವ ಚಿಕ್ಕಲಿಂಗಯ್ಯನವರು ನಡುಮನೆಯಲ್ಲಿ ನಿಂತು ಹೀಗೆ ಘೋಷಿಸಿದಾಗ ಅವರ ಕೈಯಲ್ಲಿ ಅತ್ತೆ ಸೊಂಟಕ್ಕೆ ಕಟ್ಟುವ ಹಳೆಯ ಗಿಲೀಟಿನ ಡಾಬು ಇತ್ತು. ಅದರ ಒಳಮೈಗೆ ತಂತಿ, ಬ್ಯಾಟರಿ, ಜೊತೆಗೆ ನಮ್ಮ ತಾರಸಿಯ ನೀರಿನ ಟ್ಯಾಂಕಿನಿಂದ ಕಾಣೆಯಾಗಿದ್ದ ಸೆನ್ಸರ್ ಅಂಟಿಕೊಂಡಿತ್ತು. ಹಿಂದಿನ ದಿನ ಟ್ಯಾಂಕು ಉಕ್ಕಿ ನಾನು ಒಣಹಾಕಿದ್ದ ಬಟ್ಟೆಯೆಲ್ಲ ತೊಯ್ದದ್ದು ಏಕೆಂದು ಆಗ ತಿಳಿಯಿತು.

ಮಾವ ಊರಿನ ನೀರು ಸರಬರಾಜು ನೋಡಿಕೊಂಡು ನಿವೃತ್ತರಾದವರು. ಅವರ ಕಣ್ಣಿಗೆ ಪ್ರಪಂಚವೆಲ್ಲ ಟ್ಯಾಂಕು, ಪೈಪು, ವಾಲ್ವು. ಅತ್ತೆ ಪುಟ್ಟಗೌರಮ್ಮನವರಿಗೋ ಪದೇ ಪದೇ ಉರಿಮೂತ್ರ, ಚಳಿಜ್ವರ. ಕಾರಣವೇನೂ ಗುಟ್ಟಲ್ಲ. ಎಲ್ಲಿಗೆ ಹೊರಟರೂ ಅವರು ಮೊದಲು ನೀರು ಕುಡಿಯುವುದನ್ನು ನಿಲ್ಲಿಸುತ್ತಾರೆ. ಹೋದಮೇಲೆ ಮನೆಗೆ ಮರಳುವ ತನಕ ತಡೆದುಕೊಂಡೇ ಇರುತ್ತಾರೆ. ನಮ್ಮ ಕಡೆಯ ಹೆಂಗಸರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ತಿಂದ ಆ್ಯಂಟಿಬಯಾಟಿಕ್‌ಗಳಿಗೆಲ್ಲ ಕ್ರಿಮಿಗಳು ಒಗ್ಗಿಹೋಗಿವೆ, ಇನ್ನು ಮಾತ್ರೆ ನಾಟುವುದು ಕಷ್ಟ ಎಂದು ಡಾಕ್ಟರು ಕೈಚೆಲ್ಲಿದ್ದರು. ತಮ್ಮನ ದೊಡ್ಡ ಮಗಳ ಮದುವೆಯ ದಿನ ಅತ್ತೆ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಗೋಳೋ ಎಂದು ಅತ್ತಿದ್ದರು. ಈಗ ಚಿಕ್ಕವಳು ರೂಪಶ್ರೀಯ ಮದುವೆ. ಸೋದರತ್ತೆಯಾಗಿ ಧಾರೆಯ ಹೊತ್ತಿಗೆ ಈ ಸಲವಾದರೂ ಪಕ್ಕದಲ್ಲಿ ನಿಲ್ಲಲೇಬೇಕೆಂದು ಹಟ ಹಿಡಿದಿದ್ದರು.

"ನಿಂತ ನೀರಲ್ಲಿ ಪಾಚಿ ಕಟ್ಟುತ್ತೆ, ಸರಿ ತಾನೆ? ಈ ಡಾಬು ಸಣ್ಣಗೆ ನಡುಗ್ತಾ ಇರುತ್ತೆ. ಕ್ರಿಮಿಗೆ ಒಳಗಡೆ ಗೋಡೆ ಹಿಡ್ಕೊಳ್ಳೋಕೇ ಆಗಲ್ಲ. ಟ್ಯಾಂಕ್ ತುಂಬಿದ ತಕ್ಷಣ ಬಾಯಿಬಿಟ್ಟು ಹೇಳುತ್ತೆ" ಎಂದರು ಮಾವ.

"ನನ್ನ ಟ್ಯಾಂಕು ಅನ್ಬೇಡಿ ನೀವು" ಎಂದು ಗೊಣಗುತ್ತಲೇ ಅತ್ತೆ ಡಾಬು ಕಟ್ಟಿಕೊಂಡರು. ಅದು ಗುಂಯ್ ಎಂದಿತು. ಆಮೇಲೆ ಸಾಕ್ಷಾತ್ ಮಾವನ ದನಿಯಲ್ಲೇ ಕೂಗಿತು: "ಟ್ಯಾಂಕ್ ತುಂಬಿದೆ! ವಾಲ್ವ್ ಬಿಡಿ!"

"ನಾನು ಈಗ ತಾನೇ ಹೋಗಿಬಂದೆ ಕಣ್ರೀ."

"ಎದುರುಗಡೆ ಟ್ಯಾಂಕ್!" ಎಂದಿತು ಡಾಬು. ಎದುರುಗಡೆ ನಿಂತಿದ್ದವರು ಮಾವ. ಉತ್ಸಾಹದಲ್ಲಿ ಬೆಳಗಿನಿಂದ ಬಚ್ಚಲ ಕಡೆ ತಲೆಹಾಕಿರಲಿಲ್ಲ. ಪಂಚೆ ಎತ್ತಿಕಟ್ಟಿ ಓಡಿದರು.

"ನಾಲ್ಕು ಜನದ ಮುಂದೆ ಹಿಂಗೆ ಕೂಗಿದ್ರೆ ನಾನು ಬಾವಿಗೆ ಬೀಳ್ತೀನಿ" ಎಂದು ಅತ್ತೆ ಡಾಬು ಬಿಚ್ಚಿಟ್ಟರು. ಮಾವ ಸೋಲುವ ಪೈಕಿ ಅಲ್ಲ. ತಂತಿಯಿಲ್ಲದೆ ಅತ್ತೆಯ ಕಿವಿಗೆ ಮಾತ್ರ ಪಿಸುಗುಡುವಂತೆ ಒಂದು ಇಯರ್‌ಫೋನ್ ಸೇರಿಸಿದರು. ರೇಷ್ಮೆ ಸೀರೆಯ ಮಡಿಕೆಗಳು ಅಡ್ಡ ಬರುತ್ತವೆಂದು ಸೆನ್ಸರಿನ ಶಕ್ತಿಯನ್ನೂ ಏರಿಸಿದರು.

"ಆಫ್ ಮಾಡೋ ಸ್ವಿಚ್ ಎಲ್ಲಿ ಮಾವ?" ಎಂದೆ.

"ಸ್ವಿಚ್ ಇಟ್ರೆ ನಿಮ್ಮತ್ತೆ ಆಫ್ ಮಾಡ್ತಾಳೆ ಭಾಗ್ಯ. ಟ್ಯಾಂಕ್ ಖಾಲಿಯಾದ್ರೆ ಅದೇ ಸುಮ್ಮನಾಗುತ್ತೆ" ಎಂದರು.

ಮದುವೆಯ ದಿನ ಛತ್ರದಲ್ಲಿ ಅತ್ತೆ ಡಾಬು ಕಟ್ಟಿಕೊಂಡು ಪಿಸುಮಾತಿಗಾಗಿ ಕಿವಿಗೊಟ್ಟು ಕೂತಿದ್ದರು. ಪುರೋಹಿತರ ಕಾರ್ಡ್‌ಲೆಸ್ ಮೈಕು ಚಾಲೂ ಆದದ್ದೇ ತಡ, ಡಾಬು ಇಯರ್‌ಫೋನ್ ಬಿಟ್ಟು ಛತ್ರದ ಸ್ಪೀಕರುಗಳಿಗೆ ಗಂಟುಬಿತ್ತು.

"ಬಲಗಡೆ ಟ್ಯಾಂಕ್ ತುಂಬಿದೆ! ವಾಲ್ವ್ ಬಿಡಿ!"

ಓಲಗ ನಿಂತಿತು. ಅತ್ತೆಯ ಬಲಗಡೆ ಕೂತಿದ್ದ ಬೀಗಿತ್ತಿ ಮಡಿಲಲ್ಲಿದ್ದ ತಟ್ಟೆ ಕೆಳಗೆ ಬಿಟ್ಟರು. "ಎಡಗಡೆ ಟ್ಯಾಂಕ್! ಹಿಂದಿನ ಟ್ಯಾಂಕ್! ಹಿಂದಿನ ಸಾಲು ಪೂರ್ತಿ!" ಎಂದು ಡಾಬು ಕೂಗುತ್ತಲೇ ಹೋಯಿತು. ಕೂತಿದ್ದ ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ಸುಳ್ಳು ಎಂದು ಹೇಳುವ ಹಾಗಿರಲಿಲ್ಲ. ಮೊದಲು ಬೀಗಿತ್ತಿ ಎದ್ದರು, ಆಮೇಲೆ ಸಾಲಿಗೆ ಸಾಲೇ ಎದ್ದಿತು.

ಹೆಂಗಸರ ಟಾಯ್ಲೆಟ್ಟಿಗೆ ಬೀಗ! ಒಳಗೆ ಛತ್ರದವರು ಮುರಿದ ಕುರ್ಚಿ ತುಂಬಿದ್ದರು.

"ಹೆಂಗಸ್ರು ಯಾರೂ ಕೇಳಲ್ಲ ಮೇಡಂ, ಅದಕ್ಕೇ" ಎಂದ ಮ್ಯಾನೇಜರು. ಅಷ್ಟು ಜನ ಅವನನ್ನು ನೋಡಿದ ನೋಟಕ್ಕೇ ಬೀಗ ಬಿಚ್ಚಿಕೊಂಡಿತು ಎನ್ನಬೇಕು. ಕುರ್ಚಿಗಳು ಕೈಯಿಂದ ಕೈಗೆ ದಾಟಿ ಅಂಗಳಕ್ಕೆ ಬಿದ್ದವು.

ಇತ್ತ ಮಂಟಪದ ಪಕ್ಕ ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಿಂತಿದ್ದರು. ಅಷ್ಟರಲ್ಲಿ ಡಾಬು ಮತ್ತೆ ಕೂಗಿತು: "ಮುಂದಿನ ಟ್ಯಾಂಕ್! ಅಪಾಯದ ಮಟ್ಟ!"

ಮುಂದೆ ಕೂತಿದ್ದವಳು ಮದುಮಗಳು. ಬೆಳಗಿನ ಜಾವ ಅಲಂಕಾರಕ್ಕೆ ಕೂತ ಹುಡುಗಿ ಆಮೇಲೆ ಎದ್ದೇ ಇರಲಿಲ್ಲ. ರೂಪಶ್ರೀ ತಲೆ ತಗ್ಗಿಸಿದಳು. ಕಣ್ಣಲ್ಲಿ ನೀರಿತ್ತು.

"ಈಗ ಏಳೋ ಹಾಗಿಲ್ಲ. ಮುಹೂರ್ತ ಯಾರಿಗೂ ಕಾಯೋದಿಲ್ಲ" ಎಂದರು ಪುರೋಹಿತರು.

ಅತ್ತೆ ಸೆರಗು ಕೆಳಗಿಳಿಸಿದರು. ನಾಲ್ಕು ಜನದ ಮುಂದೆ ದನಿ ಎತ್ತದ ನಮ್ಮತ್ತೆ! "ಧಾರೆಗೆ ನಿಲ್ಲಬೇಕು ಅಂತ ನಾನೂ ಆಸೆಪಟ್ಟು ಬಂದೋಳೇ ಸ್ವಾಮಿ. ಆದ್ರೆ ಈ ಮಗು ನನ್ನ ಹಾಗೆ ಆಸ್ಪತ್ರೆ ಸೇರೋದು ಬೇಡ. ಏಳೇ ರೂಪಾ" ಎಂದು ಅವಳ ಕೈಹಿಡಿದು, ಬಾಸಿಂಗದ ಸಮೇತ ಟಾಯ್ಲೆಟ್ಟಿನ ಸಾಲಿನ ಮುಂದಕ್ಕೆ ಕರೆದೊಯ್ದರು. ನಾನು ಸೀರೆಯ ನೆರಿಗೆ ಎತ್ತಿಹಿಡಿದು ಹಿಂದೆ ಓಡಿದೆ.

ಮರಳಿ ಬಂದಾಗ ಮದುಮಗಳ ಮುಖಕ್ಕೆ ಕಳೆ ಬಂದಿತ್ತು. ಅತ್ತೆಯೂ ಒಳಗೆ ಹೋಗಿಬಂದು, ಎರಡು ಲೋಟ ನೀರು ಕುಡಿದು, ರೂಪಶ್ರೀಯ ಪಕ್ಕದಲ್ಲೇ ನಿಂತರು. ಡಾಬು ಸುಮ್ಮನಿತ್ತು. ಧಾರೆಗೆ ಎಲ್ಲ ಸಿದ್ಧವಾಯಿತು. ಪುರೋಹಿತರು ಗಂಟಲು ಸರಿಪಡಿಸಿಕೊಂಡು ಮಂತ್ರ ಶುರುಮಾಡಿದರು.

"ಮೈಕಿನ ಹತ್ತಿರದ ಟ್ಯಾಂಕ್ ತುಂಬಿದೆ! ವಾಲ್ವ್ ಬಿಡಿ!"

ಅತ್ತೆಗೆ ಆಮೇಲೆ ಜ್ವರ ಬರಲಿಲ್ಲ. ನಡುಕದ ಮಹಿಮೆ ಎನ್ನುತ್ತಾರೆ ಮಾವ, ಬೀಗ ತೆಗೆಸಿದ್ದರ ಮಹಿಮೆ ಎನ್ನುತ್ತಾರೆ ಅತ್ತೆ. ಜಗಳ ಇನ್ನೂ ನಡೆದಿದೆ. ನಾನು ಕಣ್ಣಾರೆ ಕಂಡದ್ದು ಇಷ್ಟೇ: ಯಾರಿಗೂ ಕಾಯದ ಆ ಮುಹೂರ್ತ, ಪುರೋಹಿತರು ಕೈತೊಳೆದು ಬರುವ ತನಕ ತೆಪ್ಪಗೆ ಕಾದಿತ್ತು.